ಸೇಬಿನ ಪಟ್ಟಿ ಹಿಡಿದು ಬಂದ ಟೀಚರ್: ಪರಾಗ ಅಲರ್ಜಿಯ ಒಂದು ಪ್ರಕರಣ

ಟೀಚರ್ ಮೊದಲ ಸಲ ನಮ್ಮಲ್ಲಿಗೆ ಬಂದಾಗ ಅವರ ಕೈಯಲ್ಲಿ ಹಣ್ಣುಗಳ ಉದ್ದನೆಯ ಪಟ್ಟಿಯೊಂದಿತ್ತು. ಹೊಟ್ಟೆಗೆ ಮಾತ್ರ ಆರು ತಿಂಗಳಿಂದ ಒಂದು ಹಣ್ಣೂ ಬಿದ್ದಿರಲಿಲ್ಲ.

ನಾನು ದಾವಣಗೆರೆಯಲ್ಲಿ ಅಲರ್ಜಿ ವೈದ್ಯರೊಬ್ಬರ ಜೊತೆ ಕೆಲಸ ಮಾಡುವ ಆಹಾರತಜ್ಞೆ. ಈ ಪ್ರಕರಣದ ಮಹಿಳೆ ಚಿತ್ರದುರ್ಗದ ಕಡೆಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಶಿಕ್ಷಕಿ, ಮೂವತ್ತು ದಾಟಿದವರು. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಮನೆಯ ವಿವರಗಳನ್ನೂ ಕೆಲವು ದಿನಾಂಕಗಳನ್ನೂ ಬದಲಿಸಿದ್ದೇನೆ. ಕ್ಲಿನಿಕ್ಕಿನಲ್ಲಿ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು, ಇಲ್ಲಿಯೂ ಹಾಗೆಯೇ ಇರಲಿ.

ಹಿನ್ನೆಲೆ

ಟೀಚರ್ ಆರು ವರ್ಷದ ಹಿಂದೆ ಮಲೆನಾಡಿನ ಅಂಚಿನಿಂದ ಈ ಬಯಲುಸೀಮೆಗೆ ವರ್ಗವಾಗಿ ಬಂದವರು. ಹೊಸ ಶಾಲೆಯ ಮೈದಾನದ ಮೂರು ಬದಿಗೂ ಪಾರ್ಥೇನಿಯಂ, ಊರಿನವರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಮೂಲದ ಈ ಕಳೆ ನಮ್ಮ ದೇಶದಲ್ಲಿ ಎದ್ದು ಕಾಣಿಸಿಕೊಂಡದ್ದು 1950ರ ದಶಕದಲ್ಲಿ, ಪುಣೆಯ ಬಳಿ. ಈಗ ಅದು ಇಲ್ಲದ ರಸ್ತೆ ಬದಿಯನ್ನು ಹುಡುಕಬೇಕು. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯ ವರ್ಷ ಬೆಳಿಗ್ಗೆ ಸಾಲು ಸೀನು ಶುರುವಾಯಿತು. ಮೂರನೆಯ ವರ್ಷ ಕಣ್ಣಿಗೂ ನವೆ ಬಂತು. ದೇಹ ಒಂದು ಪರಾಗವನ್ನು ಶತ್ರುವೆಂದು ಗುರುತಿಟ್ಟುಕೊಳ್ಳಲು ಹೀಗೆ ಎರಡು ಮೂರು ಹಂಗಾಮು ಹಿಡಿಯುವುದು ಸಾಮಾನ್ಯ.

ಹಣ್ಣಿನ ತಕರಾರು ನಾಲ್ಕನೆಯ ವರ್ಷದ್ದು. ರಾಮನವಮಿಯ ದಿನ ಕರಬೂಜದ ಪಾನಕ ಕುಡಿದ ಐದೇ ನಿಮಿಷಕ್ಕೆ ಅಂಗುಳು ಕೆರೆಯತೊಡಗಿತು. ಸೌತೆಕಾಯಿ ಹಾಕಿದ ಕೋಸಂಬರಿ ತಿಂದಾಗ ತುಟಿ ಜುಮ್ಮೆಂದಿತು. ಅರ್ಧ ಗಂಟೆಯಲ್ಲಿ ಎಲ್ಲವೂ ಇಳಿಯಿತು, ಮರೆತೂ ಹೋಯಿತು. ಆಮೇಲೆ ಬಾಳೆಹಣ್ಣಿಗೂ ಅದೇ ಪಾಡಾಯಿತು. ಬೇಸಿಗೆಯಲ್ಲಿ ತಿಂದ ಬಾಳೆಹಣ್ಣು ಬರೀ ನಾಲಿಗೆಯ ತುದಿಯನ್ನು ಚುಚ್ಚಿದರೆ, ನಾಗರ ಪಂಚಮಿಗೆ ತಿಂದದ್ದು ಕಿವಿಯ ಒಳಗಿನವರೆಗೂ ಕೆರೆತ ತಂದಿತು. ಈ ವ್ಯತ್ಯಾಸವನ್ನು ಅವರು ಮೊದಲ ಭೇಟಿಯಲ್ಲಿಯೇ ಹೇಳಿದ್ದರು. ನಾನು ಬರೆದುಕೊಂಡೆ, ಆದರೆ ಅದರ ಬೆಲೆ ತಿಳಿಯಲಿಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ವಾದ. "ಬಾಳೆಹಣ್ಣು ಶೀತ, ಡಾಕ್ಟರಮ್ಮ, ಇವಳದು ಮೊದಲೇ ಶೀತದ ಮೈ" ಎಂದರು ಅತ್ತೆ. ಯಜಮಾನರಿಗೆ ಕಾರ್ಬೈಡಿನ ಮೇಲೆ ಅನುಮಾನ. ಅದೇನು ಹುಚ್ಚು ಅನುಮಾನವಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದು ನಿಷಿದ್ಧವಾದರೂ ಕದ್ದುಮುಚ್ಚಿ ನಡೆಯುತ್ತದೆ. ಅವರು ಪರಿಚಯದ ತೋಟದಿಂದ ಗೊನೆಯನ್ನೇ ತಂದು, ಮನೆಯಲ್ಲಿ ಹುಲ್ಲು ಮುಚ್ಚಿ ಹಣ್ಣು ಮಾಡಿ ಹೆಂಡತಿಗೆ ಕೊಟ್ಟಿದ್ದರು. ಕೆರೆತ ಅಷ್ಟೇ ಬಂತು, ಕಾರ್ಬೈಡ್ ಅಪರಾಧಿಯಲ್ಲ ಎಂದು ಗೊತ್ತಾಯಿತು. ನಾನು ಮುಂದೆ ಮಾಡಿದ ಕೆಲವು ಪರೀಕ್ಷೆಗಳಿಗಿಂತ ಈ ಪರೀಕ್ಷೆ ಅಚ್ಚುಕಟ್ಟಾಗಿತ್ತು. ಆದರೂ ಆ ಶ್ರಾವಣದಿಂದ ಮನೆಯವರೆಲ್ಲ ಸೇರಿ ಟೀಚರಿಗೆ ಹಣ್ಣನ್ನೇ ಬಿಡಿಸಿಬಿಟ್ಟರು.

ಮೂರು ವಾರ ಸೇಬಿನ ಹಿಂದೆ

ಫೆಬ್ರವರಿಯಲ್ಲಿ ಅವರು ತಂದ ಪಟ್ಟಿ ಮೊಬೈಲ್ ನೋಡಿ, ಮುದ್ದಾದ ಕೈಬರಹದಲ್ಲಿ ಇಳಿಸಿಕೊಂಡದ್ದು. ಪರಾಗ ಅಲರ್ಜಿ ಇರುವವರು ತಿನ್ನಬಹುದಾದ ಮತ್ತು ತಿನ್ನಬಾರದ ಸೇಬಿನ ತಳಿಗಳು ಅದರಲ್ಲಿದ್ದವು. ಪಟ್ಟಿ ಸುಳ್ಳೇನಲ್ಲ. ನೆದರ್ಲೆಂಡ್ಸಿನ ವಾಗೆನಿಂಗೆನ್‌ನಲ್ಲಿ ರೂಪುಗೊಂಡ ಸಾಂಟಾನಾ ಎಂಬ ಸೇಬನ್ನು ಅಲ್ಲಿನ ಬಹಳಷ್ಟು ಅಲರ್ಜಿಯವರು ತೊಂದರೆಯಿಲ್ಲದೆ, ಇಲ್ಲವೇ ಅಲ್ಪ ತೊಂದರೆಯಲ್ಲಿ ತಿನ್ನುತ್ತಾರೆ. ಗೋಲ್ಡನ್ ಡೆಲಿಷಿಯಸ್, ಗ್ರಾನಿ ಸ್ಮಿತ್ ತಳಿಗಳು ಹೆಚ್ಚು ಕಾಡುತ್ತವೆ. ಸ್ವೀಡನ್ನಿನಲ್ಲಿ ಕೆಂಪು ಬಣ್ಣವೇ ಬಾರದ ಬಿಳಿ ಸ್ಟ್ರಾಬೆರಿಯನ್ನು ಅಲರ್ಜಿಯವರು ತಾಳಿಕೊಂಡದ್ದು 2006ರಲ್ಲಿ ವರದಿಯಾಗಿತ್ತು. ಒಂದೇ ಹಣ್ಣಿನ ಎರಡು ತಳಿಗಳ ನಡುವೆ ಅಲರ್ಜಿಕಾರಕ ಪ್ರೋಟೀನಿನ ಪ್ರಮಾಣ ಹಲವು ಪಟ್ಟು ಬೇರೆಯಾಗಬಲ್ಲದು ಎಂಬುದು ಗಟ್ಟಿ ವಿಷಯ.

ಆ ಗಟ್ಟಿತನಕ್ಕೆ ನಾನು ಮರುಳಾದೆ. ಸಾಂಟಾನಾ ಇಲ್ಲಿ ಸಿಗುವುದಿಲ್ಲ, ಹಾಗಾದರೆ ನಮ್ಮ ಪೇಟೆಗೆ ಬರುವ ಕಾಶ್ಮೀರ, ಹಿಮಾಚಲದ ಸೇಬುಗಳಲ್ಲಿ ಯಾವುದು ಅದಕ್ಕೆ ಹತ್ತಿರ ಎಂದು ಹುಡುಕತೊಡಗಿದೆ. ಗಡಿಯಾರ ಕಂಬದ ಕಡೆಯ ಹಣ್ಣಿನಂಗಡಿಗಳಲ್ಲಿ ತಳಿಯ ಹೆಸರು ಕೇಳುತ್ತ ಅಲೆದೆ. ಒಬ್ಬ ವ್ಯಾಪಾರಿ ಪೆಟ್ಟಿಗೆಯ ಮೇಲಿನ ಚೀಟಿ ತೋರಿಸಿದ, ಇನ್ನೊಬ್ಬ "ಸೇಬಿಗೆ ಎಂಥ ಹೆಸರು ಮೇಡಂ, ಸೇಬು ಅಂದರೆ ಸೇಬು" ಎಂದ. ಹೀಗೆ ಮೂರು ವಾರ ಕಳೆಯಿತು.

ಎರಡನೆಯ ಭೇಟಿಯಲ್ಲಿ, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ.

"ಸೇಬು ತಿಂದಾಗ ಏನೇನಾಗುತ್ತದೆ, ಟೀಚರ್?"

"ಸೇಬು ತಿಂದು ಯಾವತ್ತೂ ಏನೂ ಆಗಿಲ್ಲ ಮೇಡಂ. ಪಟ್ಟಿಯಲ್ಲಿತ್ತಲ್ಲ, ಅದಕ್ಕೇ ಬಿಟ್ಟೆ."

ಆ ಪಟ್ಟಿ ಹುಟ್ಟಿದ್ದು ಬರ್ಚ್ ಮರದ ನಾಡಿನಲ್ಲಿ. ಉತ್ತರ ಯುರೋಪಿನ ವಸಂತದಲ್ಲಿ ಗಾಳಿ ತುಂಬುವ ಬರ್ಚ್ ಪರಾಗದಲ್ಲಿ ಬೆಟ್ ವಿ 1 ಎಂಬ ಪ್ರೋಟೀನ್ ಇದೆ. ಸೇಬಿನ ಮ್ಯಾಲ್ ಡಿ 1 ಅದಕ್ಕೆ ದಾಯಾದಿ. ಪರಾಗಕ್ಕೆ ಸಿಡಿಮಿಡಿಗೊಳ್ಳುವ ದೇಹ ಸೇಬನ್ನು ಕಚ್ಚಿದಾಗಲೂ ಆಳು ತಪ್ಪಿ ಹೊಡೆಯುತ್ತದೆ. ಸಾಂಟಾನಾ ಮೆತ್ತಗಿರುವುದು ಈ ಒಂದು ಜಗಳದಲ್ಲಿ. ನಮ್ಮ ಪೂರ್ವಿಕರು ಬರೆಯಲು ಬಳಸುತ್ತಿದ್ದ ಭೂರ್ಜಪತ್ರ ಬರ್ಚ್ ಕುಲದ್ದೇ ಮರದ ತೊಗಟೆ, ಆದರೆ ಆ ಮರವಿರುವುದು ಹಿಮಾಲಯದಲ್ಲಿ. ಚಿತ್ರದುರ್ಗದ ಗಾಳಿಯಲ್ಲಿ ಅದರ ಪರಾಗವನ್ನು ಯಾರು ತಂದಾರು? ಟೀಚರ ಜಗಳ ಬೇರೆ ಗಿಡದ ಜೊತೆ. ಹಾಗಿದ್ದ ಮೇಲೆ ಅವರನ್ನು ಕಾಡುವ ಹಣ್ಣುಗಳೂ ಬೇರೆ, ತಾಳಿಕೊಳ್ಳುವ ತಳಿಗಳೂ ಬೇರೆ ಇರಬೇಕು. ಆ ದಿನವೇ ಅವರಿಗೆ ಸೇಬನ್ನು ಮರಳಿ ಕೊಟ್ಟೆವು. ಇಡೀ ಪ್ರಕರಣದಲ್ಲಿ ಇಷ್ಟು ಸುಲಭವಾಗಿ ಸಿಕ್ಕ ಗೆಲುವು ಇನ್ನೊಂದಿಲ್ಲ.

ಪ್ರಸಾದದ ಸುಳಿವು

ಅಂದು ಕೂತು ಮೊದಲಿನಿಂದ ಕೇಳಿದೆ. ಯಾವುದನ್ನು, ಯಾವ ರೂಪದಲ್ಲಿ, ಯಾವ ತಿಂಗಳಲ್ಲಿ ತಿಂದಿರಿ? ಪಕ್ಕದಲ್ಲಿದ್ದ ಅತ್ತೆ ನಡುವೆ ಬಾಯಿ ಹಾಕಿದರು: "ಸತ್ಯನಾರಾಯಣ ಪೂಜೆಯ ಪ್ರಸಾದ ಮಾತ್ರ ಇವಳಿಗೆ ಏನೂ ಮಾಡುವುದಿಲ್ಲ, ನೋಡಿ. ಅದರಲ್ಲೂ ಬಾಳೆಹಣ್ಣು ಇರುತ್ತದೆ. ದೇವರದು ಅಲ್ಲವೇ?"

ತುಪ್ಪದಲ್ಲಿ ಹುರಿದ ರವೆ, ಹಾಲು, ಸಕ್ಕರೆ, ಕಿವುಚಿದ ಬಾಳೆಹಣ್ಣು. ಎಲ್ಲವೂ ಬಾಣಲೆಯಲ್ಲಿ ಕುದಿದು ಬೆಂದದ್ದು. ದೇವರ ಪಾಲನ್ನು ನಾನು ಅಲ್ಲಗಳೆಯಲಿಲ್ಲ, ಆದರೆ ಬೆಂಕಿಯ ಪಾಲೂ ಇತ್ತು. ಬೇಯಿಸಿದರೆ ಸುಮ್ಮನಾಗುವ ಅಲರ್ಜಿ ಎಂದರೆ, ಕಾಡುತ್ತಿರುವ ಪ್ರೋಟೀನ್ ಶಾಖಕ್ಕೆ ಆಕಾರ ಕಳೆದುಕೊಳ್ಳುವಂಥದ್ದು ಎಂದರ್ಥ. ಪರಾಗಕ್ಕೆ ನಂಟಿರುವ ಹಣ್ಣಿನ ಪ್ರೋಟೀನುಗಳಲ್ಲಿ ಎರಡು ಗುಂಪು ಹೀಗೆ ಅಳ್ಳೆದೆಯವು: ಮೇಲೆ ಹೇಳಿದ ಬರ್ಚ್ ದಾಯಾದಿಗಳು ಒಂದು, ಪ್ರೊಫಿಲಿನ್‌ಗಳು ಇನ್ನೊಂದು. ಎಲ್‌ಟಿಪಿ (ಲಿಪಿಡ್ ಟ್ರಾನ್ಸ್‌ಫರ್ ಪ್ರೋಟೀನ್) ಎಂಬ ಮೂರನೆಯ ಗುಂಪು ಬೆಂಕಿಗೂ ಬಗ್ಗುವುದಿಲ್ಲ, ಜಠರದ ಆಮ್ಲಕ್ಕೂ ಬಗ್ಗುವುದಿಲ್ಲ. ಅದರಿಂದ ಇಡೀ ಮೈಗೆ ಅಪಾಯ ಬರಬಹುದು. ನಾಗರ ಪಂಚಮಿಗೆ ಕೆರೆತ ಹೆಚ್ಚಿದ್ದೇಕೆ ಎಂಬುದೂ ಆಗ ಹೊಳೆಯಿತು. ಮಳೆ ಬಿದ್ದು ಪಾರ್ಥೇನಿಯಂ ಬಿಳಿ ಹೂ ತುಂಬಿ ನಿಲ್ಲುವ ಕಾಲ ಅದು. ಪರಾಗದಿಂದ ಆಗಲೇ ಕೆಂಡವಾಗಿರುವ ದೇಹಕ್ಕೆ ಹಣ್ಣಿನ ಕಿಡಿ ಸಾಕು.

ಇನ್ನೊಂದು ಸಂಶಯ ನಿವಾರಣೆಯಾಗಬೇಕಿತ್ತು. ರಬ್ಬರಿನ ಹಾಲಿಗೆ ಅಲರ್ಜಿ ಇರುವವರಲ್ಲಿ ಹಲವರಿಗೂ ಬಾಳೆಹಣ್ಣು, ಕಿವಿ ಹಣ್ಣು, ಬೆಣ್ಣೆಹಣ್ಣು ಆಗಿಬರುವುದಿಲ್ಲ. ಮಕ್ಕಳ ದಿನಾಚರಣೆಗೆ ನೂರು ಬಲೂನು ಊದುವವರು ತಾವೇ, ತುಟಿಗೆ ಏನೂ ಆಗುವುದಿಲ್ಲ ಎಂದರು ಟೀಚರ್. ಪರೀಕ್ಷೆಯೂ ಅದನ್ನೇ ಹೇಳಿತು.

ಮಾರ್ಚ್ ಮೊದಲ ವಾರ ಚರ್ಮದ ಚುಚ್ಚು ಪರೀಕ್ಷೆ ನಡೆಯಿತು. ಹಿಂದೆ ಬೇರೆ ಕಡೆ ಮಾಡಿಸಿದ್ದ ಪರೀಕ್ಷೆಯಲ್ಲಿ ಏನೂ ಕಂಡಿರಲಿಲ್ಲವಂತೆ, ದಿನವೂ ಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ನುಂಗುತ್ತಲೇ ಹೋಗಿದ್ದರು, ಅದು ಚರ್ಮದ ದದ್ದನ್ನು ಏಳದಂತೆ ಅಡಗಿಸುತ್ತದೆ. ಈ ಸಲ ಏಳು ದಿನ ಮಾತ್ರೆ ನಿಲ್ಲಿಸಿ ಬಂದರು. ಪಾರ್ಥೇನಿಯಂ ಪರಾಗಕ್ಕೆ 11 ಮಿಲಿಮೀಟರ್ ದದ್ದು, ಗರಿಕೆಗೆ 4, ಬಳ್ಳಾರಿ ಜಾಲಿಗೆ ಇಲ್ಲ. ಹಣ್ಣಿನ ಪರೀಕ್ಷೆಗೆ ಸಿದ್ಧ ದ್ರಾವಣ ಬಳಸಲಿಲ್ಲ, ಇಂಥ ಅಳ್ಳೆದೆಯ ಪ್ರೋಟೀನುಗಳು ಸೀಸೆಯಲ್ಲಿಯೇ ಕೆಡುತ್ತವೆ. ತಾಜಾ ಹಣ್ಣಿಗೆ ಸೂಜಿ ಚುಚ್ಚಿ, ಅದೇ ಸೂಜಿಯನ್ನು ಮುಂದೋಳಿಗೆ ಚುಚ್ಚುವ ಕ್ರಮ. ಕರಬೂಜ 8, ಪಚ್ಚಬಾಳೆ 6, ಏಲಕ್ಕಿ ಬಾಳೆ 4, ಕಲ್ಲಂಗಡಿ 4, ಸೌತೆ 3. ಸೇಬು, ದಾಳಿಂಬೆ, ಬೇಯಿಸಿದ ಬಾಳೆ ಸೊನ್ನೆ. ಪಾರ್ಥೇನಿಯಂ ಅಮೆರಿಕದ ರ‍್ಯಾಗ್‌ವೀಡ್ ಕಳೆಯ ಬಳಗದ್ದು. ಇವೆರಡರ ಪರಾಗದ ನಡುವಿನ ಹೋಲಿಕೆ 1990ರ ದಶಕದಲ್ಲಿಯೇ ಪ್ರಕಟವಾಗಿದೆ. ರ‍್ಯಾಗ್‌ವೀಡ್ ಅಲರ್ಜಿಯವರನ್ನು ಕಾಡುವ ಹಣ್ಣುಗಳೆಂದು ಪಠ್ಯಗಳು ಹೇಳುವುದು ಕರಬೂಜ, ಕಲ್ಲಂಗಡಿ, ಬಾಳೆ, ಸೌತೆಗಳನ್ನೇ. ದುಬಾರಿಯಾದರೂ, ಅಲರ್ಜಿ ಯಾವ ಪ್ರೋಟೀನಿಗೆ ಎಂದು ತೋರಿಸುವ ರಕ್ತದ ಘಟಕ ಪರೀಕ್ಷೆಯನ್ನೂ ಮಾಡಿಸಿದೆವು. ಪ್ರೊಫಿಲಿನ್‌ಗೆ ಪ್ರತಿಕಾಯ ಇತ್ತು, ಎಲ್‌ಟಿಪಿಗೆ ಇರಲಿಲ್ಲ. ಬೇಯಿಸಿದ ಹಣ್ಣಿಗೆ ಧೈರ್ಯವಾಗಿ ಒಪ್ಪಿಗೆ ಕೊಟ್ಟದ್ದು ಈ ಎರಡನೆಯ ಸಾಲನ್ನು ನಂಬಿ.

ಏಲಕ್ಕಿ ಬಾಳೆಯ ಭ್ರಮೆ

ಪಚ್ಚಬಾಳೆಗೆ 6, ಏಲಕ್ಕಿಗೆ 4. ನನಗೆ ಮತ್ತೆ ತಳಿಯ ಹುಚ್ಚು ಹತ್ತಿತು. ನಮ್ಮ ನೆಲದ್ದೇ ಒಂದು ಸಾಂಟಾನಾ ಸಿಕ್ಕಿತೇನೋ ಎನಿಸಿತು.

ತಿನ್ನಿಸಿ ನೋಡುವ ಪರೀಕ್ಷೆಯನ್ನು ಕ್ಲಿನಿಕ್ಕಿನಲ್ಲಿಯೇ, ವೈದ್ಯರ ಎದುರು, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದನ್ನು ಸಿದ್ಧವಿಟ್ಟುಕೊಂಡು ಮಾಡಿದೆವು. ಮನೆಯಲ್ಲಿ ಯಾರೂ ಇದಕ್ಕೆ ಕೈ ಹಾಕಬಾರದು. ಮೊದಲು ತುಟಿಗೆ ಸವರುವುದು, ಕಾಲು ಗಂಟೆ ಬಿಟ್ಟು ಕಡಲೆಕಾಳಿನಷ್ಟು, ಮತ್ತೆ ಕಾಲು ಗಂಟೆ ಬಿಟ್ಟು ಒಂದು ಬಿಲ್ಲೆ, ಹೀಗೆ ಏರುವುದು. ಪಚ್ಚಬಾಳೆ ಅರ್ಧಕ್ಕೆ ಬರುವಷ್ಟರಲ್ಲಿ ಟೀಚರ್ ಅಂಗುಳು ಕೆರೆಯುತ್ತಿದೆ ಎಂದರು. ಏಲಕ್ಕಿ ಬಾಳೆಯನ್ನು ಇಡಿಯಾಗಿ ತಿಂದು ನಕ್ಕರು. "ಏನೂ ಇಲ್ಲ ಮೇಡಂ!" ಕಡತದಲ್ಲಿ ನಾನು ದಪ್ಪ ಅಕ್ಷರದಲ್ಲಿ "ಏಲಕ್ಕಿ: ಸುರಕ್ಷಿತ" ಎಂದು ಬರೆದೆ.

ವೈದ್ಯರು ಅದನ್ನು ಓದಿ, ಸುಲಿದ ಎರಡು ಹಣ್ಣುಗಳನ್ನು ತಕ್ಕಡಿಯ ಮೇಲಿಟ್ಟರು. ಪಚ್ಚಬಾಳೆ 110 ಗ್ರಾಂ, ಏಲಕ್ಕಿ 40 ಗ್ರಾಂ. ಒಂದು ಹಣ್ಣಿಗೆ ಒಂದು ಹಣ್ಣು ಎಂದು ನಾನು ಹೋಲಿಸಿದ್ದೆ. ಅರ್ಧ ಪಚ್ಚಬಾಳೆಯೇ ಒಂದು ಇಡೀ ಏಲಕ್ಕಿಗಿಂತ ಹೆಚ್ಚು ತೂಗುತ್ತದೆ. ಚಿಪ್ಪಿನಲ್ಲಿ ಹಣ್ಣು ಎಣಿಸಿ ಕೊಳ್ಳುವ ನಮಗೆ ಇದು ತಲೆಗೇ ಬರುವುದಿಲ್ಲ.

ಮುಂದಿನ ಮೂರು ಭೇಟಿಗಳಲ್ಲಿ ಕಣ್ಣುಮುಚ್ಚಾಲೆ ಪರೀಕ್ಷೆ ನಡೆಯಿತು. ಎರಡೂ ಬಾಳೆಯನ್ನು ಹರಿಹರದ ಕಡೆಯ ಒಬ್ಬರೇ ಬೆಳೆಗಾರರಿಂದ, ಒಂದೇ ಹದಕ್ಕೆ ಹಣ್ಣಾದದ್ದನ್ನು ತಂದೆವು. ಅಂಗಡಿಯಲ್ಲಿ ಪಚ್ಚಬಾಳೆ ಎಂಬ ಒಂದೇ ಹೆಸರಿನಲ್ಲಿ ಜಿ9 ಎಂಬ ತಳಿ ಸಹಿತ ಏನೇನೋ ಬರುತ್ತದೆ. ತಳಿ ಗುರುತಿಸುವ ಮಾತು ಆಡುವ ಮೊದಲು ಕೈಯಲ್ಲಿರುವುದು ಯಾವ ತಳಿ ಎಂಬುದಾದರೂ ಗೊತ್ತಿರಬೇಕು. ಸಮ ತೂಕದ ಹಣ್ಣು ಕಿವುಚಿ, ಬೆಲ್ಲ ಮತ್ತು ಏಲಕ್ಕಿ ಪುಡಿ ಬೆರೆಸಿ, ರಸಾಯನ ಮಾಡಿ ಒಂದೇ ಬಗೆಯ ಲೋಟಗಳಲ್ಲಿ ಹಾಕಿದೆ. ಮೂರನೆಯ ಲೋಟದಲ್ಲಿ ಚೆನ್ನಾಗಿ ಬೇಯಿಸಿ ಆರಿಸಿದ ಬಾಳೆ. ಯಾವುದು ಯಾವುದೆಂದು ಬರೆದಿಟ್ಟ ಚೀಟಿ ನರ್ಸ್ ಬಳಿ ಇತ್ತು, ಟೀಚರಿಗೂ ಗೊತ್ತಿಲ್ಲ, ಎದುರು ಕೂತ ವೈದ್ಯರಿಗೂ ಗೊತ್ತಿಲ್ಲ. ಬೇಯಿಸಿದ ಲೋಟ ಮೂರು ಸಲವೂ ಸುಮ್ಮನಿತ್ತು. ಪಚ್ಚಬಾಳೆ ಮೂರು ಸಲವೂ ಕೆರೆಯಿತು. ಏಲಕ್ಕಿ ಎರಡು ಸಲ ಕೆರೆಯಿತು, ಒಂದು ಸಲ ಬಿಟ್ಟಿತು.

ಅಂದರೆ ತಳಿಯ ವ್ಯತ್ಯಾಸ ಇದ್ದರೂ ಕೂದಲೆಳೆಯಷ್ಟು. ಇದಕ್ಕೆ ಕಾರಣವೂ ಇದೆ. ಪ್ರೊಫಿಲಿನ್ ಗಿಡದ ಪ್ರತಿ ಜೀವಕೋಶದ ಒಳಹಂದರ ಕಟ್ಟುವ ಕೆಲಸದಲ್ಲಿ ಭಾಗಿ, ಅದಿಲ್ಲದೆ ಜೀವಕೋಶದ ಸಂಸಾರ ನಡೆಯುವುದಿಲ್ಲ. ಮ್ಯಾಲ್ ಡಿ 1 ಹಾಗಲ್ಲ. ಅದು ಸಸ್ಯಗಳ ರಕ್ಷಣಾ ಪ್ರೋಟೀನುಗಳ ಮನೆತನದ್ದು, ತಳಿಯಿಂದ ತಳಿಗೆ, ದಾಸ್ತಾನಿನಲ್ಲಿಟ್ಟ ದಿನಗಳಿಂದ ದಿನಗಳಿಗೆ ಏರಿಳಿಯುತ್ತದೆ. ಸೇಬಿನಲ್ಲಿ ತಳಿ ಹುಡುಕುವುದು ಫಲ ಕೊಟ್ಟದ್ದು ಅದಕ್ಕೇ. ಟೀಚರ ಬಾಳೆಯಲ್ಲಿ ಕೊಡದೇ ಹೋದದ್ದು ಇದಕ್ಕೇ. ಕಡತದ "ಸುರಕ್ಷಿತ" ಪದವನ್ನು ಹೊಡೆದು ಹಾಕಿ, "ಬೇಸಿಗೆಯಲ್ಲಿ, ಊಟದ ಜೊತೆ, ಒಂದು ಏಲಕ್ಕಿ" ಎಂದು ತಿದ್ದಿದೆ.

ಕಲ್ಲಂಗಡಿಯ ಎದುರು ಬರೆದಿದ್ದ ಅದೇ ಪದವನ್ನು ತಿದ್ದಲು ಮರೆತೆ. ಏಪ್ರಿಲ್‌ನಲ್ಲಿ ಅವರು ಎರಡು ಹೋಳು ತಿಂದು ಆರಾಮವಾಗಿದ್ದರು.

ಮಾವಿನದು ಬೇರೆಯೇ ಕಥೆ, ಚಿಕ್ಕದು. ತೋತಾಪುರಿಯನ್ನು ಸಿಪ್ಪೆ ಸಮೇತ ಉಪ್ಪು ಖಾರ ಹಚ್ಚಿ ಕಚ್ಚಿ ತಿಂದ ಮರುದಿನ ತುಟಿಯ ಸುತ್ತ ಗುಳ್ಳೆ ಏಳುತ್ತಿತ್ತು. ಐದು ನಿಮಿಷಕ್ಕಲ್ಲ, ಮರುದಿನ. ಅದು ಪರಾಗದ ನಂಟಲ್ಲ, ತೊಟ್ಟಿನಿಂದ ಒಸರುವ ಸೊನೆಯ ಕೆಲಸ. ಮಾವು ಗೇರಿನ ಕುಟುಂಬದ್ದು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗುಡ್ಡೆಗೇರಿನ ನೆಂಟ. ತೊಟ್ಟು ಮುರಿದು ಸೊನೆ ಸುರಿಸಿ, ತೊಳೆದು, ಬೇರೆಯವರಿಂದ ಸಿಪ್ಪೆ ತೆಗೆಸಿ ತಿನ್ನಿ ಎಂದೆವು. ಬಾದಾಮಿ, ರಸಪುರಿ ಎರಡೂ ದಕ್ಕಿದವು.

ಆಗಸ್ಟ್ 14

ಸ್ವಾತಂತ್ರ್ಯ ದಿನದ ಹಿಂದಿನ ಮಧ್ಯಾಹ್ನ ಶಾಲೆಯ ಮೈದಾನ ಸ್ವಚ್ಛ ಮಾಡುವ ಕೆಲಸವಿತ್ತು. ಮಕ್ಕಳಿಗೆ ಬೇಡವೆಂದು ಟೀಚರ್ ತಾವೇ ಇಬ್ಬರು ಸಹೋದ್ಯೋಗಿಗಳ ಜೊತೆ ಎರಡು ಗಂಟೆ ಕಾಂಗ್ರೆಸ್ ಗಿಡ ಕಿತ್ತರು. ಹೂ ಬಿಟ್ಟ ಗಿಡಗಳು. ಮೂಗಿಗೆ ಸೆರಗು ಕಟ್ಟಿದ್ದರಂತೆ, ಅಷ್ಟೇ. ಊಟ ಮಾಡಿರಲಿಲ್ಲ. ಸಂಜೆ ಬಸ್ ನಿಲ್ದಾಣದ ಎದುರು, ಕಡತದಲ್ಲಿ ಸುರಕ್ಷಿತ ಎಂದಿದ್ದ ಕಲ್ಲಂಗಡಿಯ ರಸವನ್ನು ಎರಡು ದೊಡ್ಡ ಲೋಟ ಗಟಗಟನೆ ಕುಡಿದರು.

ಹತ್ತು ನಿಮಿಷದಲ್ಲಿ ತುಟಿ ಊದಿತು. ಕತ್ತಿನ ಮೇಲೆ ಪಿತ್ತದ ಗಂಧೆ ಎದ್ದವು. ದನಿ ಒಡೆಯಿತು. ಜೊತೆಗಿದ್ದ ಸಹೋದ್ಯೋಗಿ ಮಾತ್ರೆ ಹುಡುಕುತ್ತ ಕೂರದೆ ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ತೊಡೆಗೆ ಅಡ್ರಿನಲಿನ್ ಬಿತ್ತು. ರಾತ್ರಿಯೆಲ್ಲ ನಿಗಾದಲ್ಲಿದ್ದು ಬೆಳಿಗ್ಗೆ ಮನೆಗೆ ಬಂದರು, ಧ್ವಜವಂದನೆ ತಪ್ಪಿತು.

ಪ್ರೊಫಿಲಿನ್ ಅಲರ್ಜಿ ಸಾಮಾನ್ಯವಾಗಿ ಬಾಯಿಯ ಆಚೆಗೆ ಹೋಗುವುದಿಲ್ಲ ಎಂದು ನಾನು ಓದಿದ್ದೆ, ಹೇಳಿಯೂ ಇದ್ದೆ. ಸಾಮಾನ್ಯವಾಗಿ ನಿಜ. ಆದರೆ ಆ ಸಂಜೆ ಎಲ್ಲವೂ ಒಟ್ಟಿಗೆ ಸೇರಿದ್ದವು: ಪರಾಗದ ತುಂಬು ಹಂಗಾಮು, ಎರಡು ಗಂಟೆ ಮುಖಕ್ಕೇ ಬಡಿದ ಹೂ, ಮೈ ಬಿಸಿಯಾಗುವಷ್ಟು ದುಡಿಮೆ, ಖಾಲಿ ಹೊಟ್ಟೆ, ಹತ್ತಾರು ಹೋಳುಗಳಷ್ಟು ಹಣ್ಣು ದ್ರವವಾಗಿ ಒಂದೇ ಉಸಿರಿಗೆ. ಅಗಿದು ತಿನ್ನುವಾಗ ಬಾಯಿಯ ಕೆರೆತವೇ ಸಾಕು ನಿಲ್ಲಿಸು ಎನ್ನುತ್ತದೆ. ರಸ ಆ ಎಚ್ಚರಿಕೆಗೆ ಪುರಸೊತ್ತು ಕೊಡುವುದಿಲ್ಲ. ಏಪ್ರಿಲ್‌ನ ಎರಡು ಹೋಳನ್ನು ನೋಡಿ ಆಗಸ್ಟ್‌ನ ಎರಡು ಲೋಟಕ್ಕೆ ಪರವಾನಗಿ ಕೊಟ್ಟಂತಾಗಿತ್ತು ನನ್ನ ಆ ಒಂದು ಪದ.

ಟೀಚರ್ ನನ್ನನ್ನು ದೂರಲಿಲ್ಲ. ಅತ್ತೆ ದೂರಿದರು. ಸರಿಯಾಗಿಯೇ ದೂರಿದರು.

ಬದಲಿಸಿದ್ದು

ನಮ್ಮ ಕ್ಲಿನಿಕ್ಕಿನ ಹಣ್ಣಿನ ಚೀಟಿಯಲ್ಲಿ ಈಗ ಹೌದು, ಇಲ್ಲ ಎಂಬ ಎರಡು ಕಲಂ ಇಲ್ಲ. ಪ್ರತಿ ಹಣ್ಣಿನ ಎದುರು ಹಸಿಯೋ ಬೇಯಿಸಿದ್ದೋ, ಎಷ್ಟು ಗ್ರಾಂ, ಯಾವ ತಿಂಗಳಲ್ಲಿ ಪರೀಕ್ಷಿಸಿದ್ದು ಎಂದು ಬರೆಯುತ್ತೇವೆ. ಬೇಸಿಗೆಯಲ್ಲಿ ದಾಟಿದ ಹಣ್ಣನ್ನು ಮಳೆಗಾಲದಲ್ಲಿ ಮತ್ತೆ ನೋಡದೆ ಆ ಕಾಲಕ್ಕೆ ಒಪ್ಪುವುದಿಲ್ಲ. ಹಸಿ ರಸ ಯಾರಿಗೂ ಇಲ್ಲ. ತಳಿಯ ಪ್ರಶ್ನೆ ಪಟ್ಟಿಯ ಕೊನೆಗೆ ಹೋಗಿದೆ: ಮೊದಲು ಯಾವ ಪರಾಗ, ಆಮೇಲೆ ಯಾವ ಪ್ರೋಟೀನ್, ಆಮೇಲೆ ಬೇಯಿಸಿದರೆ ಹೇಗೆ, ಆಮೇಲೆ ತಳಿ. ಬರ್ಚ್ ನಾಡಿನಲ್ಲಿ ಓದಿ ಮರಳಿದ ಹುಡುಗನೊಬ್ಬ ಸೇಬಿನ ಕೆರೆತ ಎಂದು ಬಂದಾಗ ಮಾತ್ರ ತಳಿಯ ಪಟ್ಟಿಯನ್ನು ಮೊದಲೇ ತೆಗೆದೆ, ಗ್ರಾನಿ ಸ್ಮಿತ್ ಬಿಡಿಸಿದೆ. ಅವನಿಗೆ ಅದು ಕೆಲಸ ಮಾಡಿತು.

ಟೀಚರ್ ಮೈದಾನದ ಬದಿಯ ಕಳೆಯನ್ನು ಹೂ ಬಿಡುವ ಮೊದಲೇ ಪಂಚಾಯಿತಿಯಿಂದ ಕೀಳಿಸುತ್ತಾರೆ, ತಾವು ಹತ್ತಿರ ಹೋಗುವುದಿಲ್ಲ. ಕರಬೂಜವನ್ನು ಪೂರ್ತಿ ಬಿಟ್ಟಿದ್ದಾರೆ. ಸೇಬು, ದಾಳಿಂಬೆ, ಮಾವು ವರ್ಷವಿಡೀ ನಡೆಯುತ್ತವೆ. ಆಷಾಢದಿಂದ ದೀಪಾವಳಿಯವರೆಗೆ ಬಾಳೆ ಬಾಣಲೆಗೆ ಬಿದ್ದ ಮೇಲೆಯೇ ಬಾಯಿಗೆ. ಕಳೆದ ರಾಮನವಮಿಗೆ ಅವರ ಮನೆಯ ಕೋಸಂಬರಿಯಲ್ಲಿ ಸೌತೆಯ ಬದಲು ದಾಳಿಂಬೆ ಕಾಳು ಇತ್ತಂತೆ, ಪಾನಕ ಬರೀ ಬೆಲ್ಲ ನಿಂಬೆಯದು.

ಮನೆಯಲ್ಲಿ ತೂಗಿ ತಿನ್ನಲೆಂದು ನಾನು ಕೊಟ್ಟಿದ್ದ ಸಣ್ಣ ತಕ್ಕಡಿಯನ್ನು ಅವರು ಇನ್ನೂ ಹಿಂದಿರುಗಿಸಿಲ್ಲ. ಅತ್ತೆ ಅದರಲ್ಲಿ ಸಾರಿನ ಪುಡಿಗೆ ಕೊತ್ತಂಬರಿ, ಮೆಣಸಿನಕಾಯಿ ತೂಗುತ್ತಾರೆಂದು ಕೇಳಿದೆ.